ದೂರದ ದೇಶದಿಂದ ಬಂದ ಮಗು ಮನೆಗೆ ಒಗ್ಗಿಕೊಳ್ಳುವ ತನಕ: ವಿಶೇಷ ಅಗತ್ಯವುಳ್ಳ ಮಗುವನ್ನು ದತ್ತು ಪಡೆದವರಿಗೆ ಸಮಗ್ರ ಮಾರ್ಗದರ್ಶಿ

ಬೆಳಗಿನ ಆರೂವರೆ. ತೊಟ್ಟಿಲಿನ ಕಂಬಿಗಳ ನಡುವೆ ಮಗು ಕಣ್ಣು ಬಿಟ್ಟುಕೊಂಡು ಮಲಗಿದೆ. ಎಚ್ಚರವಾಗಿ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಚಡ್ಡಿ ತೊಯ್ದು ಹಾಸಿಗೆಗೂ ಒದ್ದೆ ಇಳಿದಿದೆ. ಆದರೂ ಸದ್ದಿಲ್ಲ. ನೋಡಲು ಬಂದವರೆಲ್ಲ “ಎಷ್ಟು ಸಾಧು ಮಗು, ಅಳುವುದೇ ಇಲ್ಲ” ಎಂದು ಹೊಗಳುತ್ತಾರೆ. ನಮ್ಮ ಮಗಳು ಬಂದ ಮೊದಲ ವಾರ ನಾನೂ ಆ ಹೊಗಳಿಕೆ ಕೇಳಿ ಹಿಗ್ಗಿದ್ದೆ. ಒಂದು ಕೋಣೆ ತುಂಬ ಮಕ್ಕಳು, ಅವರಿಗೆಲ್ಲ ಸೇರಿ ಒಬ್ಬಿಬ್ಬರು ಆಯಾಗಳು ಇರುವ ಕಡೆ ಬೆಳೆದ ಮಗು, ಅತ್ತರೆ ಯಾರೂ ಬರುವುದಿಲ್ಲ ಎಂಬುದನ್ನು ಮಾತು ಕಲಿಯುವ ಮೊದಲೇ ಕಲಿತಿರುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ.

ಆದ್ದರಿಂದ ಈ ಬರಹದ ಉದ್ದಕ್ಕೂ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತೇನೆ: ಕರೆದರೆ ಬರುವವರು ಇದ್ದಾರೆ ಎಂಬುದು ಮಗುವಿಗೆ ಮೊದಲು ಖಾತ್ರಿಯಾಗಬೇಕು. ಜೀವಕ್ಕೆ ತುರ್ತಾದ ಚಿಕಿತ್ಸೆ ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಅದರ ಹಿಂದೆ ಬರಲಿ.

ಹೊರಡುವ ಮೊದಲು: ಕಡತ ಓದಿ, ಆದರೆ ಕಡತವನ್ನೇ ನಂಬಬೇಡಿ

ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದದ ಪ್ರಕಾರ, ಮಗುವಿನ ದೇಶದ ಕೇಂದ್ರ ಪ್ರಾಧಿಕಾರ (ದತ್ತಿನ ಹೊಣೆ ಹೊತ್ತ ಅಧಿಕೃತ ಸಂಸ್ಥೆ) ಮಗುವಿನ ಹಿನ್ನೆಲೆ, ಆರೋಗ್ಯದ ಇತಿಹಾಸ ಮತ್ತು ವಿಶೇಷ ಅಗತ್ಯಗಳನ್ನು ಒಳಗೊಂಡ ವರದಿಯನ್ನು ಸಿದ್ಧಪಡಿಸಬೇಕು. ಒಳ್ಳೆಯ ನಿಯಮ. ವರದಿ ಮಾತ್ರ ಕೆಲವೊಮ್ಮೆ ಎರಡು ವರ್ಷ ಹಳೆಯದು, ಕೆಲವೊಮ್ಮೆ ಅನುವಾದದಲ್ಲಿ ಸೊರಗಿದ್ದು, ಕೆಲವೊಮ್ಮೆ ಅತಿ ಚುಟುಕು. ಅದರ ಒಂದು ಪ್ರತಿಯನ್ನು ದತ್ತು ಮಕ್ಕಳನ್ನು ನೋಡಿ ಅನುಭವವಿರುವ ಮಕ್ಕಳ ವೈದ್ಯರಿಗೆ ತೋರಿಸಿ. ತಲೆಯ ಸುತ್ತಳತೆಯ ಅಂಕಿಗಳು, ತೂಕ ಏರಿದ ಬಗೆ, ಮಗು ಆಡುವ ವಿಡಿಯೊ ಇವು ಮೂರು ಸಿಕ್ಕರೆ ರೋಗದ ಹೆಸರಿಗಿಂತ ಹೆಚ್ಚು ಹೇಳುತ್ತವೆ.

ವೈದ್ಯರು ಕೇಳದ ಪ್ರಶ್ನೆಗಳನ್ನು ನೀವು ಕೇಳಿ. ಮಗು ಮಲಗುವುದು ಬೆಳಕಿನಲ್ಲೋ ಕತ್ತಲಲ್ಲೋ? ಒಂದೇ ಹಾಸಿಗೆಯಲ್ಲಿ ಬೇರೆ ಮಕ್ಕಳೂ ಇರುತ್ತಿದ್ದರೋ? ಊಟ ಯಾವ ಹೊತ್ತಿಗೆ, ಬಟ್ಟಲಲ್ಲೋ ಬಾಟಲಿಯಲ್ಲೋ? ಎಲ್ಲರೂ ಕರೆಯುವ ಹೆಸರು ಯಾವುದು? ನೋವಾದಾಗ ಯಾರ ಹತ್ತಿರ ಓಡುತ್ತದೆ? ಈ ಕೊನೆಯ ಪ್ರಶ್ನೆಗೆ ಒಬ್ಬ ಆಯಾಳ ಹೆಸರು ಉತ್ತರವಾಗಿ ಬಂದರೆ ಸಂತೋಷಪಡಿ. ಒಬ್ಬರನ್ನು ನೆಚ್ಚಿಕೊಂಡಿದ್ದ ಮಗು ಅಗಲಿಕೆಗೆ ಜೋರಾಗಿಯೇ ದುಃಖಿಸುತ್ತದೆ, ಆದರೆ ಇನ್ನೊಬ್ಬರನ್ನು ನೆಚ್ಚಿಕೊಳ್ಳುವ ದಾರಿ ಅದಕ್ಕೆ ಗೊತ್ತಿರುತ್ತದೆ. ಆ ಆಯಾಳ ಒಂದು ಫೋಟೊ ಇಸಿದುಕೊಳ್ಳಿ.

ಮಗುವಿನ ಭಾಷೆಯ ಮೂವತ್ತು ನಲವತ್ತು ಪದಗಳನ್ನು ಬಾಯಿಪಾಠ ಮಾಡಿ. ನೀರು, ಹಸಿವು, ನೋವು, ಶೌಚ, ನಿದ್ದೆ, ಬಾ, ಸಾಕು, ಹೆದರಬೇಡ. ಎಲ್ಲಕ್ಕಿಂತ ಮುಖ್ಯವಾಗಿ “ಹೋಗಿ ಮತ್ತೆ ಬರುತ್ತೇನೆ”. ಉಚ್ಚಾರ ಹೇಗಿದ್ದರೂ ಸರಿ, ಮಕ್ಕಳು ಕ್ಷಮಿಸುತ್ತಾರೆ.

ಮಗು ಹಾಕಿಕೊಂಡು ಬಂದ ಬಟ್ಟೆಯನ್ನು ಒಗೆಯಬೇಡಿ. ಅದು ಕೊಳಕಾಗಿರಬಹುದು, ಹರಿದಿರಬಹುದು. ಮಗು ತನ್ನ ಜೊತೆ ತಂದಿರುವ ಪರಿಚಿತ ವಾಸನೆ ಅದೊಂದೇ. ಕೆಲವು ವಾರ ದಿಂಬಿನ ಪಕ್ಕದಲ್ಲಿರಲಿ.

ಮೊದಲ ವಾರಗಳು: ಲೋಕವನ್ನು ಚಿಕ್ಕದು ಮಾಡಿ

ಸ್ವಾಗತದ ಸಮಾರಂಭ ಬೇಡ, ನೆಂಟರ ಸಾಲು ಬೇಡ, ಆಟಿಕೆಗಳ ರಾಶಿ ಬೇಡ. ಎರಡು ಮೂರು ಆಟಿಕೆ, ಒಂದು ಕೋಣೆ, ದಿನವೂ ಒಂದೇ ಕ್ರಮ: ಏಳುವುದು, ತಿನ್ನುವುದು, ಸ್ನಾನ, ಆಟ, ನಿದ್ದೆ. ನಿಮಗೆ ಬೇಸರ ಹುಟ್ಟಿಸುವಷ್ಟು ಒಂದೇ ರೀತಿ. ನಾಳೆ ಏನಾಗುತ್ತದೆ ಎಂದು ಊಹಿಸಬಲ್ಲ ಮಗುವಿಗೆ ಅರ್ಧ ಭಯ ಇಳಿಯುತ್ತದೆ.

ಉಣ್ಣಿಸುವುದು, ಸ್ನಾನ ಮಾಡಿಸುವುದು, ಗಾಯಕ್ಕೆ ಔಷಧ ಹಚ್ಚುವುದು, ಮಲಗಿಸುವುದು, ಎತ್ತಿಕೊಂಡು ಸಮಾಧಾನ ಮಾಡುವುದು ಇವನ್ನು ಮೊದಲ ಕೆಲವು ತಿಂಗಳು ತಾಯಿ ತಂದೆ ಮಾತ್ರ ಮಾಡಲಿ. ಅಜ್ಜ ಅಜ್ಜಿಯರಿಗೆ ಇದು ಕಹಿಯಾಗುತ್ತದೆ. “ಮೊಮ್ಮಗುವನ್ನು ಎತ್ತಿಕೊಳ್ಳಲೂ ನಮಗೆ ಹಕ್ಕಿಲ್ಲವೇ?” ಎಂಬ ಮಾತು ಬಂದೇ ಬರುತ್ತದೆ. ಮಗು ಬರುವ ಮೊದಲೇ ಅವರನ್ನು ಕೂರಿಸಿಕೊಂಡು ಕಾರಣ ಹೇಳಿ: ಪಾಳಿಗೊಬ್ಬರಂತೆ ಹತ್ತಾರು ಕೈಗಳು ಈ ಮಗುವನ್ನು ಎತ್ತಿ ಇಳಿಸಿವೆ, ಈಗ ಅದಕ್ಕೆ ಎರಡು ಜೊತೆ ಕೈಗಳ ಗುರುತು ಸಿಗಬೇಕು. ಅವರಿಗೆ ಬೇರೆ ಕೆಲಸ ಕೊಡಿ. ಅಡುಗೆ ಮಾಡಿ ಕಳಿಸಲಿ, ದೊಡ್ಡ ಮಗುವನ್ನು ಆಟಕ್ಕೆ ಕರೆದೊಯ್ಯಲಿ, ಎದುರು ಕುಳಿತು ಹಾಡು ಹೇಳಲಿ.

ಮುದ್ದು ಮಾಡಲು ಹೋದರೆ ಕೆಲವು ಮಕ್ಕಳು ಮೈ ಸೆಟೆಸುತ್ತವೆ, ಮುಖ ತಿರುಗಿಸುತ್ತವೆ. ಬಲವಂತವಾಗಿ ಅಪ್ಪಿಕೊಳ್ಳಬೇಡಿ. ಪಕ್ಕದಲ್ಲಿ ನೆಲದ ಮೇಲೆ ಕೂತು ನಿಮ್ಮ ಕೆಲಸ ಮಾಡುತ್ತಿರಿ. ಅಂಗೈಗೆ ಎಣ್ಣೆ ಸವರುವುದು, ಕೂದಲು ಬಾಚುವುದು, ಕಾಲುಚೀಲ ಹಾಕುವುದು ಇಂಥ ಉಪಯೋಗದ ಸ್ಪರ್ಶದಿಂದ ಶುರುವಾಗಲಿ.

ವೈದ್ಯರ ಭೇಟಿ: ಮೊದಲ ಎರಡು ಮೂರು ವಾರಗಳಲ್ಲಿ

ಹಳೆಯ ವರದಿಯಲ್ಲಿ ಎಲ್ಲ ಪರೀಕ್ಷೆಯೂ ಆಗಿದೆ ಎಂದಿದ್ದರೂ ಹೊಸದಾಗಿ ಮಾಡಿಸಿ. ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಕ್ಷಯ, ಹೊಟ್ಟೆಯ ಪರಾವಲಂಬಿಗಳಿಗಾಗಿ ಮಲ ಪರೀಕ್ಷೆ, ರಕ್ತಹೀನತೆ, ಸೀಸದ ಅಂಶ, ಥೈರಾಯ್ಡ್, ಇವಲ್ಲದೆ ಕಣ್ಣು, ಕಿವಿ, ಹಲ್ಲು. ಕೆಲವು ಸೋಂಕುಗಳು ಮೊದಲ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳದೆ ಇರಬಹುದಾದ್ದರಿಂದ ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆಯನ್ನು ಆರು ತಿಂಗಳ ನಂತರ, ಕ್ಷಯದ್ದನ್ನು ಮೂರರಿಂದ ಆರು ತಿಂಗಳ ನಂತರ ಮತ್ತೆ ಮಾಡಿಸುವುದು ರೂಢಿ. ಲಸಿಕೆಯ ಕಾರ್ಡಿನಲ್ಲಿ ಅನುಮಾನವಿದ್ದರೆ ವೈದ್ಯರು ರಕ್ತದಲ್ಲಿ ಪ್ರತಿಕಾಯ (ರೋಗದ ವಿರುದ್ಧ ಮೈ ತಯಾರಿಸುವ ಅಂಶ) ನೋಡುತ್ತಾರೆ ಅಥವಾ ಲಸಿಕೆಯನ್ನು ಮತ್ತೆ ಕೊಡುತ್ತಾರೆ.

ಕಿವಿಯ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಸೀಳು ಅಂಗುಳವಿರುವ, ಅಂದರೆ ಬಾಯಿಯೊಳಗಿನ ಮೇಲ್ಭಾಗ ಹುಟ್ಟಿನಿಂದಲೇ ಸೀಳಿರುವ ಮಕ್ಕಳಲ್ಲಿ ನಡುಗಿವಿಯಲ್ಲಿ ದ್ರವ ನಿಂತು ಕೇಳಿಸುವುದು ಕಡಿಮೆಯಾಗುವುದು ತೀರ ಸಾಮಾನ್ಯ. ನಮ್ಮ ಮಗಳ ಕಡತದಲ್ಲಿ “ಹಟಮಾರಿ, ಹೇಳಿದ್ದು ಕೇಳುವುದಿಲ್ಲ” ಎಂದು ಬರೆದಿತ್ತು. ಅವಳಿಗೆ ನಿಜಕ್ಕೂ ಕೇಳುತ್ತಿರಲಿಲ್ಲ. ಮಗುವಿನ ಸ್ವಭಾವದ ಬಗ್ಗೆ ಯಾರೇನು ಹೇಳಿದ್ದರೂ ಶ್ರವಣ ಪರೀಕ್ಷೆ ಮುಗಿಯುವ ತನಕ ನಂಬಬೇಡಿ.

ಸಂಸ್ಥೆಗಳಲ್ಲಿ ಬೆಳೆದ ಮಕ್ಕಳು ವಯಸ್ಸಿಗಿಂತ ಚಿಕ್ಕದಾಗಿ ಕಾಣುತ್ತಾರೆ. ಅಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳಷ್ಟು ಎತ್ತರ ಹಿಂದೆ ಬೀಳುತ್ತದೆ ಎಂಬುದು ದತ್ತು ಮಕ್ಕಳ ವೈದ್ಯರು ಬಳಸುವ ಅಂದಾಜು. ಮನೆಗೆ ಬಂದ ಮೇಲೆ ಬಹುತೇಕ ಮಕ್ಕಳು ಬೇಗ ಬೆಳೆಯುತ್ತಾರೆ. ಹೆಣ್ಣುಮಕ್ಕಳಲ್ಲಿ ಕೆಲವೊಮ್ಮೆ ಪ್ರಾಯ ಬೇಗ ಬರುವುದುಂಟು, ಅದರ ಮೇಲೆ ಕಣ್ಣಿರಲಿ.

ಶಸ್ತ್ರಚಿಕಿತ್ಸೆ ಬಾಕಿ ಇದ್ದರೆ ವೈದ್ಯರನ್ನು ನೇರವಾಗಿ ಕೇಳಿ: “ಆರು ತಿಂಗಳು ತಡವಾದರೆ ಏನು ನಷ್ಟ?” ಹೃದಯದ ತೊಂದರೆಯಂಥವು ಕಾಯಲಾರವು. ಕಾಯಬಲ್ಲವನ್ನು ಕಾಯಿಸಿ. ಹೊಸ ಅಪ್ಪ ಅಮ್ಮನ ಪರಿಚಯವಾಗುವ ಮೊದಲೇ ಬಿಳಿ ಕೋಟಿನವರ ಕೈಗೆ ಕೊಟ್ಟರೆ ಮಗು ಅದನ್ನು ಮತ್ತೊಮ್ಮೆ ಕೈಬಿಟ್ಟಂತೆ ತಿಳಿಯುತ್ತದೆ. ಆಸ್ಪತ್ರೆಯಲ್ಲಿ ರಾತ್ರಿ ಹಗಲು ಒಬ್ಬರು ಜೊತೆಗಿರಿ. ಅರಿವಳಿಕೆಯಿಂದ ಎಚ್ಚರವಾದಾಗ ಕಾಣುವ ಮೊದಲ ಮುಖ ನಿಮ್ಮದಾಗಿರಲಿ ಎಂದು ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ಊಟ

ಒಂದು ದಿನ ಹಾಸಿಗೆ ಕೊಡವುವಾಗ ದಿಂಬಿನ ಹೊದಿಕೆಯೊಳಗಿಂದ ಬಿಸ್ಕತ್ತಿನ ಚೂರು, ಒಣಗಿದ ಬ್ರೆಡ್ಡಿನ ಅಂಚು, ಅರ್ಧ ಕಚ್ಚಿದ ಸೇಬು ಉದುರಿದವು. ಸೇಬಿಗೆ ಇರುವೆ ಮುತ್ತಿತ್ತು. ಮಗಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು, ಉಸಿರು ಬಿಗಿಹಿಡಿದು. ನಾನು ಗದರಿಸಿದೆ. ಅವಳು ಅಳಲಿಲ್ಲ, ಮಾರನೆಯ ದಿನದಿಂದ ಇನ್ನೂ ಚೆನ್ನಾಗಿ ಬಚ್ಚಿಡಲು ಕಲಿತಳು.

ಬಚ್ಚಿಡುವುದಕ್ಕೆ ಮದ್ದು ಗದರಿಕೆಯಲ್ಲಿ ಸಿಗುವುದಿಲ್ಲ, ಧಾರಾಳದಲ್ಲಿ ಸಿಗುತ್ತದೆ. ಮಗುವಿನ ಕೈಗೆಟುಕುವ ಕಡೆ ಅದರದೇ ಒಂದು ಡಬ್ಬಿ ಇಡಿ. ಕೆಡದ ತಿನಿಸು ಹಾಕಿ, ದಿನವೂ ಅದರ ಕಣ್ಣೆದುರೇ ತುಂಬಿಸಿ. ರಾತ್ರಿ ಹಾಸಿಗೆಯ ಪಕ್ಕಕ್ಕೂ ಬರಲಿ. ಎರಡು ಮೂರು ಗಂಟೆಗೊಮ್ಮೆ ಏನಾದರೂ ಕೊಡಿ. ತಿನ್ನುವುದನ್ನು ಶಿಕ್ಷೆಗೂ ಬಹುಮಾನಕ್ಕೂ ಎಂದೂ ಬಳಸಬೇಡಿ. ಮೊದಮೊದಲು ಮಗು ಹೊಟ್ಟೆ ಬಿರಿಯುವಂತೆ ತಿನ್ನುತ್ತದೆ. ಹೊಟ್ಟೆ ತುಂಬಿತೆಂಬ ಸುಳಿವೇ ಅದಕ್ಕೆ ಗೊತ್ತಿರುವುದಿಲ್ಲ. ಬಡಿಸಿದ ಪಾತ್ರೆಯನ್ನು ಕಣ್ಣೆದುರೇ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಬಡಿಸುತ್ತ, “ಇನ್ನೂ ಇದೆ, ನಾಳೆಯೂ ಇರುತ್ತದೆ” ಎನ್ನುತ್ತಿದ್ದರೆ ತಿಂಗಳುಗಳಲ್ಲಿ ಹಿಡಿತಕ್ಕೆ ಬರುತ್ತದೆ. ನಮ್ಮಲ್ಲಿ ಡಬ್ಬಿ ಎಂಟು ತಿಂಗಳಿತ್ತು. ಕೊನೆಕೊನೆಗೆ ಅದರಲ್ಲಿ ಬಣ್ಣದ ಪೆನ್ಸಿಲುಗಳು ಸೇರಿಕೊಂಡವು.

ಇದರ ತದ್ವಿರುದ್ಧವೂ ಇದೆ. ವರ್ಷಗಟ್ಟಲೆ ಬಾಟಲಿಯಲ್ಲಿ ಗಂಜಿಯಂಥದ್ದನ್ನೇ ಕುಡಿದ ಮಗುವಿಗೆ ಅಗಿಯಲು ಬರುವುದಿಲ್ಲ. ಗಟ್ಟಿ ತುತ್ತು ಬಾಯಿಗೆ ಹೋದರೆ ಓಕರಿಸುತ್ತದೆ. ಸೀಳು ಅಂಗುಳ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದಿರುವುದು) ಇದ್ದರಂತೂ ನುಂಗುವುದೇ ಕಷ್ಟ, ತಿಂದದ್ದು ಶ್ವಾಸನಾಳಕ್ಕೆ ಹೋಗುವ ಅಪಾಯವೂ ಉಂಟು. ಊಟದ ನಡುವೆ ಪದೇ ಪದೇ ಕೆಮ್ಮು, ಗೊರಗೊರ ದನಿ, ಮತ್ತೆ ಮತ್ತೆ ಎದೆಯ ಸೋಂಕು ಕಂಡರೆ ನುಂಗುವಿಕೆಯನ್ನು ಪರೀಕ್ಷಿಸುವ ತಜ್ಞರ ಬಳಿಗೆ ಆ ವಾರವೇ ಹೋಗಿ.

ಐದು ವರ್ಷದ ಮಗು ಮಡಿಲಲ್ಲಿ ಕೂತು ಬಾಟಲಿಯಿಂದ ಹಾಲು ಕುಡಿಯಬೇಕೆಂದರೆ ಕುಡಿಯಲಿ. ಯಾರಾದರೂ ನಕ್ಕರೆ ನಗಲಿ. ಕಣ್ಣಿಗೆ ಕಣ್ಣಿಟ್ಟು ಹಾಲು ಕುಡಿಯುವ ಕಾಲ ಅದಕ್ಕೆ ಸಿಕ್ಕಿರಲಿಲ್ಲ, ಈಗ ಬಂದು ಪಡೆಯುತ್ತಿದೆ.

ನಿದ್ದೆ

ಮೊದಲ ದಿನಗಳಲ್ಲಿ ಒಂದೇ ಕೋಣೆಯಲ್ಲಿ ಮಲಗಿ. ಒಂದು ಮಂದ ದೀಪವಿರಲಿ. ಅಳಲು ಬಿಟ್ಟು ನಿದ್ದೆ ಕಲಿಸುವ ವಿಧಾನ ಈ ಮಕ್ಕಳಿಗಲ್ಲ. ಅದನ್ನು ಅವರು ಆಗಲೇ ಕಲಿತು ಬಂದಿದ್ದಾರೆ. ಸದ್ದಿಲ್ಲದೆ ಎಚ್ಚರವಾಗಿರುವ ಮಗುವಿದ್ದರೆ, ಏಳುವ ಹೊತ್ತಿಗೆ ನೀವೇ ಹೋಗಿ ಮಾತಾಡಿಸಿ, ಕರೆಯುವ ಮೊದಲೇ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಒಂದು ರಾತ್ರಿ ಅದು ಚೀರಿ ಕರೆಯುತ್ತದೆ, ಆಮೇಲೆ ಪ್ರತಿ ರಾತ್ರಿಯೂ. ನಿದ್ದೆಗೆಟ್ಟು ಕಣ್ಣು ಉರಿಯುತ್ತಿರುವಾಗ ಇದನ್ನು ಏಳಿಗೆಯೆಂದು ನಂಬುವುದು ಕಷ್ಟ. ಏಳಿಗೆ ಹೌದು.

ಚಿಕಿತ್ಸೆಗಳ ಸರದಿ

ಮಾತಿನ ಚಿಕಿತ್ಸೆ, ಫಿಸಿಯೋಥೆರಪಿ, ಆಕ್ಯುಪೇಶನಲ್ ಥೆರಪಿ (ಉಣ್ಣುವುದು, ಉಡುವುದರಂಥ ದಿನನಿತ್ಯದ ಕೆಲಸಗಳಿಗೆ ನೆರವಾಗುವ ಚಿಕಿತ್ಸೆ), ಕಣ್ಣು, ಕಿವಿ, ಮೂಳೆ. ಪಟ್ಟಿ ನೋಡಿದರೆ ವಾರದ ಏಳು ದಿನವೂ ಸಾಲದು. ತಡವಾಯಿತೆಂಬ ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೇ ಶುರು ಮಾಡುವವರೇ ಹೆಚ್ಚು. ಮಗುವಿಗೆ ಕಾರಿನಿಂದ ಇಳಿಯುವುದು, ಹತ್ತುವುದು, ಅಪರಿಚಿತರ ಕೈಗೆ ಸಿಗುವುದು ಇಷ್ಟೇ ಬದುಕಾಗುತ್ತದೆ. ಕೇಳಿಸುವುದು ಮತ್ತು ಕಾಣಿಸುವುದು ಮೊದಲು, ಏಕೆಂದರೆ ನಿಮ್ಮ ಮುಖ ಮತ್ತು ದನಿ ಮಗುವನ್ನು ಮುಟ್ಟುವುದು ಆ ದಾರಿಯಲ್ಲೇ. ನಂತರ ನೋವು ಕಳೆಯುವಂಥವು, ಕೂರಲು ನಡೆಯಲು ನೆರವಾಗುವಂಥವು. ಉಳಿದವನ್ನು ಒಂದೊಂದಾಗಿ ಸೇರಿಸಿ.

ಚಿಕಿತ್ಸೆ ನಡೆಯುವಾಗ ಕೋಣೆಯಲ್ಲಿ ನೀವಿರಬೇಕು. “ಪೋಷಕರು ಹೊರಗಿದ್ದರೆ ಮಗು ಚೆನ್ನಾಗಿ ಮಾಡುತ್ತದೆ” ಎನ್ನುವ ತಜ್ಞರಿಗೆ ಸಂದರ್ಭ ವಿವರಿಸಿ, ಒಪ್ಪದಿದ್ದರೆ ತಜ್ಞರನ್ನೇ ಬದಲಿಸಿ. ವ್ಯಾಯಾಮವನ್ನು ಅವರಿಂದ ಕಲಿತು ಸ್ನಾನದ ಹೊತ್ತಿನಲ್ಲೋ ಆಟದಲ್ಲೋ ನೀವೇ ಮಾಡಿಸಿ. ಶ್ರವಣ ಸಾಧನವನ್ನು ಮೊದಲ ದಿನವೇ ಗಂಟೆಗಟ್ಟಲೆ ಹಾಕಿಸಬೇಡಿ. ಹತ್ತು ನಿಮಿಷ, ಮಡಿಲಲ್ಲಿ ಕೂರಿಸಿಕೊಂಡು, ನಿಮ್ಮ ದನಿಯನ್ನಷ್ಟೇ ಕೇಳಿಸಿ. ಮಗು ಕಿತ್ತೆಸೆದರೆ ಬೈಯದೆ ಮತ್ತೆ ಸಂಜೆ ಹಾಕಿ.

ಬಣ್ಣ, ಸದ್ದು, ಹುಲ್ಲು, ಮರಳು, ಬಕೆಟ್ಟಿನ ನೀರು ಎಲ್ಲವೂ ಕೆಲವರಿಗೆ ಹೊಸತು. ನಾಲ್ಕು ಗೋಡೆಯೊಳಗೆ ಬೆಳೆದ ಮಗು ಹುಲ್ಲಿನ ಮೇಲೆ ಕಾಲಿಡಲು ಚೀರಬಹುದು. ನೀವು ಮೊದಲು ಬರಿಗಾಲಲ್ಲಿ ನಿಂತು ತೋರಿಸಿ.

ಮಾತು

ಚಿಕ್ಕ ಮಕ್ಕಳು ಹಳೆಯ ಭಾಷೆಯನ್ನು ಮರೆಯುವ ವೇಗ ಬೆಚ್ಚಿಬೀಳಿಸುವಂಥದ್ದು. ಕೆಲವೇ ತಿಂಗಳುಗಳಲ್ಲಿ ಮಾತು ಜಾರಿಹೋಗುತ್ತದೆ. ಹೊಸ ಭಾಷೆ ಇನ್ನೂ ಕುದುರಿಲ್ಲ, ಹಳೆಯದು ಉಳಿದಿಲ್ಲ. ಈ ನಡುವಿನ ಕಾಲದಲ್ಲಿ ಮಗುವಿಗೆ ಸಿಟ್ಟು ಹೇಳಿಕೊಳ್ಳಲು ಹಲ್ಲು, ಉಗುರು, ಕಾಲು ಮಾತ್ರ ಉಳಿದಿರುತ್ತವೆ. ಚಿತ್ರದ ಚೀಟಿಗಳು, ಸರಳ ಸನ್ನೆಗಳು ಆಗ ಬಹಳ ಕೆಲಸಕ್ಕೆ ಬರುತ್ತವೆ. ಸನ್ನೆ ಕಲಿಸಿದರೆ ಮಾತು ಬರುವುದು ತಡವಾಗುತ್ತದೆ ಎಂಬ ಹೆದರಿಕೆ ಬೇಡ.

ಮಾತಿನ ತೊಂದರೆಯೋ, ಹೊಸ ಭಾಷೆಯ ತೊಡಕೋ ಎಂದು ತಿಳಿಯಲು ಬಂದ ಕೂಡಲೇ, ಹಳೆಯ ಭಾಷೆ ಮರೆಯುವ ಮೊದಲೇ, ಆ ಭಾಷೆ ಬಲ್ಲವರಿಂದ ಪರೀಕ್ಷೆ ಮಾಡಿಸುವುದು ಉತ್ತಮ. ಆ ಅವಕಾಶ ಮತ್ತೆ ಸಿಗುವುದಿಲ್ಲ. ಒಂದೆರಡು ವರ್ಷದಲ್ಲಿ ಮಗು ಹರಟೆ ಹೊಡೆಯುವಂತಾದರೂ ಪಠ್ಯದ ಭಾಷೆ ಕೈವಶವಾಗಲು ಐದರಿಂದ ಏಳು ವರ್ಷ ಬೇಕಾಗಬಹುದು. ಶಾಲೆಯವರಿಗೆ ಇದನ್ನು ಬರವಣಿಗೆಯಲ್ಲೇ ತಿಳಿಸಿ.

ನಡವಳಿಕೆ ಓದುವುದು

ಮನೆಗೆ ಬಂದ ಅಪರಿಚಿತರ ತೊಡೆಯೇರಿ ಕೂರುವ ಮಗು “ಎಲ್ಲರಿಗೂ ಹೊಂದಿಕೊಳ್ಳುವ ಮಗು” ಎನಿಸಿಕೊಳ್ಳುತ್ತದೆ. ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣವದು. ಯಾರು ತನ್ನವರು ಎಂಬ ಗೆರೆ ಇನ್ನೂ ಮೂಡಿಲ್ಲ. ಅತಿಥಿಗಳಿಗೆ ಮೊದಲೇ ಹೇಳಿಡಿ: ಮಗು ಬಂದರೆ ನಗುತ್ತ ಅದರ ಅಮ್ಮನ ಕಡೆಗೆ ತಿರುಗಿಸಿ ಕಳಿಸಿ.

ರುಮೇನಿಯದ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಮಕ್ಕಳ ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು ದೀರ್ಘಕಾಲ ಗಮನಿಸಿದರು. ಆರು ತಿಂಗಳೊಳಗೆ ಮನೆ ಸಿಕ್ಕವರು ಬಹುಮಟ್ಟಿಗೆ ಇತರ ಮಕ್ಕಳಂತೆಯೇ ಬೆಳೆದರು, ತಡವಾಗಿ ಬಂದವರಲ್ಲಿ ತೊಂದರೆಗಳು ಹೆಚ್ಚು ಉಳಿದವು. ಆಟಿಸಂನಂತೆ ಕಾಣುವ ಲಕ್ಷಣಗಳೂ ಕೆಲವರಲ್ಲಿದ್ದವು, ಅವರಲ್ಲಿ ಒಂದಷ್ಟು ಮಂದಿಯಲ್ಲಿ ಕಾಲಕ್ರಮದಲ್ಲಿ ಅವು ತಗ್ಗಿದವು. ರುಮೇನಿಯದ ರಾಜಧಾನಿ ಬುಕಾರೆಸ್ಟ್‌ನಲ್ಲಿ 136 ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನ, ಎರಡು ವರ್ಷ ತುಂಬುವ ಮೊದಲೇ ಪೋಷಕ ಕುಟುಂಬಕ್ಕೆ ಸೇರಿದವರಿಗೆ ಹೆಚ್ಚು ಲಾಭವಾದದ್ದನ್ನು ಕಂಡಿತು. ಇದನ್ನು ಓದಿ ನಮ್ಮ ಮಗು ಬಂದದ್ದು ತಡವಾಯಿತಲ್ಲ ಎಂದು ಎದೆಗುಂದಿದ ತಂದೆತಾಯಿಗಳನ್ನು ಬಲ್ಲೆ. ತಡವಾಗಿ ಬಂದ ಮಕ್ಕಳಲ್ಲೂ ಸುಧಾರಣೆ ಕಂಡಿದೆ ಎಂಬುದನ್ನು ಅದೇ ಅಧ್ಯಯನಗಳಲ್ಲಿ ಓದಬಹುದು. ಕೂತಲ್ಲೇ ತೂಗಾಡುವ, ಕೈ ಬೀಸುವ, ಕಣ್ಣು ತಪ್ಪಿಸುವ ಮಗುವಿಗೆ ಬಂದ ತಿಂಗಳಲ್ಲೇ ಖಾಯಂ ಹಣೆಪಟ್ಟಿ ಹಚ್ಚಿಸಬೇಡಿ. ನೆರವು ಈಗಲೇ ಶುರುವಾಗಲಿ, ತೀರ್ಮಾನಕ್ಕೆ ಅವಸರ ಬೇಡ.

ರಚ್ಚೆ ಹಿಡಿದಾಗ ಕೋಣೆಯಲ್ಲಿ ಒಂಟಿಯಾಗಿ ಬಿಡುವ ಶಿಕ್ಷೆ ಬೇಡ. ಹೊಡೆತ ಯಾವ ಕಾರಣಕ್ಕೂ ಬೇಡ. ಪಕ್ಕದಲ್ಲಿ ಕೂತು, ಕಡಿಮೆ ಮಾತಾಡಿ, ಏಟಾಗದಂತೆ ನೋಡಿಕೊಳ್ಳಿ. ಮಗುವಿನ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸಿದರೆ ಆರು, ಮನೆಗೆ ಬಂದ ದಿನದಿಂದ ಎಣಿಸಿದರೆ ಒಂದು. ಎರಡನೆಯ ಲೆಕ್ಕವನ್ನು ಇಟ್ಟುಕೊಂಡರೆ ನಿಮ್ಮ ಸಿಟ್ಟೂ ಕಡಿಮೆಯಾಗುತ್ತದೆ. ಮಗು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ಚಿಕ್ಕವರಿಗೋ ಪ್ರಾಣಿಗಳಿಗೋ ಹಿಂಸೆ ಕೊಡುತ್ತಿದ್ದರೆ, ಕಲಿತದ್ದನ್ನು ಕಳೆದುಕೊಳ್ಳುತ್ತಿದ್ದರೆ ಕಾಯದೆ ಮಕ್ಕಳ ಮನೋವೈದ್ಯರನ್ನು ಕಾಣಿ.

ಮನೆಯ ಇತರರು

ಮನೆಯಲ್ಲಿ ಆಗಲೇ ಇರುವ ಮಗುವಿಗೆ ದಿನಕ್ಕೆ ಇಪ್ಪತ್ತು ನಿಮಿಷವಾದರೂ ಅಪ್ಪನೋ ಅಮ್ಮನೋ ಪೂರ್ತಿ ಸಿಗಬೇಕು, ಬಾಗಿಲು ಹಾಕಿಕೊಂಡು. “ನೀನು ದೊಡ್ಡವಳು, ಅರ್ಥ ಮಾಡಿಕೊ” ಎಂಬ ಮಾತನ್ನು ವಾರಕ್ಕೊಮ್ಮೆಗಿಂತ ಹೆಚ್ಚು ಹೇಳುತ್ತಿದ್ದರೆ ಏನೋ ತಪ್ಪುತ್ತಿದೆ ಎಂದೇ ಅರ್ಥ. “ಇವನನ್ನು ವಾಪಸು ಕಳಿಸೋಣ” ಎಂದು ಆ ಮಗು ಹೇಳಿದರೆ ಬೈಯಬೇಡಿ. ಕೇಳಿಸಿಕೊಂಡು, ಕಳಿಸುವುದಿಲ್ಲ ಎಂದಷ್ಟೇ ಹೇಳಿ. ಅದು ಇಬ್ಬರಿಗೂ ಬೇಕಾದ ಉತ್ತರ.

ಇನ್ನು ನೀವು. ದತ್ತು ಪಡೆದ ನಂತರ ಖಿನ್ನತೆ ಬರುವುದುಂಟು, ಹೆತ್ತ ನಂತರ ಬರುವಂತೆಯೇ. ವರ್ಷಗಟ್ಟಲೆ ಕಾದು ತಂದ ಮಗುವಿನ ಮೇಲೆ ಪ್ರೀತಿಯೇ ಹುಟ್ಟುತ್ತಿಲ್ಲವಲ್ಲ ಎಂದು ಬಚ್ಚಲುಮನೆಯಲ್ಲಿ ಕೂತು ಅತ್ತವರಿದ್ದಾರೆ. ಅಷ್ಟು ಆಸೆಪಟ್ಟು ಈಗ ದೂರಿದರೆ ಜನ ಏನೆಂದಾರು ಎಂದು ಯಾರಿಗೂ ಹೇಳಿರುವುದಿಲ್ಲ. ವೈದ್ಯರಿಗೆ ಹೇಳಿ. ಪ್ರೀತಿ ಹುಟ್ಟುವ ತನಕ ಪ್ರೀತಿಸುವವರು ಮಾಡುವ ಕೆಲಸಗಳನ್ನು ಮಾಡುತ್ತಿದ್ದರೂ ಮಗುವಿಗೆ ಅಷ್ಟು ಸಾಕಾಗುತ್ತದೆ.

ಕಥೆ ಮತ್ತು ಕಾಗದಪತ್ರ

ಮಗುವಿನ ಬದುಕು ನಿಮ್ಮ ಮನೆಯಲ್ಲಿ ಶುರುವಾದದ್ದಲ್ಲ. ಹುಟ್ಟಿದ ಊರು, ಇದ್ದ ಕಟ್ಟಡ, ಆಯಾಳ ಫೋಟೊ, ವಿಮಾನದ ಟಿಕೆಟ್ ಎಲ್ಲ ಸೇರಿಸಿ ಒಂದು ಪುಸ್ತಕ ಮಾಡಿ. ಗೊತ್ತಿಲ್ಲದ್ದನ್ನು ಕಟ್ಟಿ ಹೇಳಬೇಡಿ. “ನಿನ್ನ ತಾಯಿಗೆ ನಿನ್ನ ಮೇಲೆ ತುಂಬ ಪ್ರೀತಿ, ಅದಕ್ಕೇ ಬಿಟ್ಟುಕೊಟ್ಟಳು” ಎಂಬ ಸಿಹಿ ಮಾತನ್ನು ಮಗು ಮುಂದುವರಿಸಿ ಯೋಚಿಸುತ್ತದೆ: ಹಾಗಾದರೆ ಪ್ರೀತಿಸುವ ನೀವೂ ಬಿಟ್ಟುಬಿಡುವಿರಾ? ಅಂಗವೈಕಲ್ಯದಿಂದಾಗಿ ಬಿಟ್ಟರೇ ಎಂದು ಕೇಳುವ ದಿನವೂ ಬರುತ್ತದೆ. ಕಾರಣ ನಿಜವಾಗಿ ಗೊತ್ತಿದ್ದರೆ ವಯಸ್ಸಿಗೆ ತಕ್ಕಷ್ಟು ಹೇಳಿ. ಇಲ್ಲದಿದ್ದರೆ “ನನಗೂ ಗೊತ್ತಿಲ್ಲ, ನಿನ್ನ ತಪ್ಪಂತೂ ಇರಲಿಲ್ಲ” ಎನ್ನಿ.

ಹುಟ್ಟಿದ ಮೂಲದ ಮಾಹಿತಿಯನ್ನು ಸರ್ಕಾರಗಳು ಕಾಪಾಡಬೇಕೆಂದು ಹೇಗ್ ಒಪ್ಪಂದ ಹೇಳುತ್ತದೆ. ಅದನ್ನು ನೆಚ್ಚಿ ಕೂರದೆ ಪ್ರತಿಯೊಂದು ಕಾಗದದ ಮೂಲ ಪ್ರತಿ, ಅನುವಾದ, ಸ್ಕ್ಯಾನ್ ಮಾಡಿದ ಪ್ರತಿ ಮೂರನ್ನೂ ನೀವು ಇಟ್ಟುಕೊಳ್ಳಿ. ದತ್ತು ಮುಗಿದರೆ ಪೌರತ್ವ ತಾನಾಗಿ ಬಂತೆಂದುಕೊಳ್ಳಬೇಡಿ, ಆಯಾ ದೇಶದ ಕಾನೂನು ನೋಡಿ, ಪ್ರಮಾಣಪತ್ರ ಕೈಗೆ ಬರುವ ತನಕ ಬೆನ್ನು ಹತ್ತಿ. ಅಮೆರಿಕದಲ್ಲಿ ದತ್ತು ಮಕ್ಕಳಿಗೆ ತಾನಾಗಿ ಪೌರತ್ವ ಸಿಗುವಂತೆ ಮಾಡಿದ 2000ದ ಮಕ್ಕಳ ಪೌರತ್ವ ಕಾಯಿದೆ 2001ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಆಗಲೇ 18 ತುಂಬಿದ್ದವರಿಗೆ ಅನ್ವಯಿಸಲಿಲ್ಲ. ಮನೆಯವರು ಒಂದು ಅರ್ಜಿ ಹಾಕಲು ಮರೆತಿದ್ದರಿಂದ ಅಲ್ಲೇ ಬೆಳೆದು ದೊಡ್ಡವರಾದ ಎಷ್ಟೋ ದತ್ತು ಮಕ್ಕಳು ಕಾನೂನಿನ ಕಣ್ಣಿಗೆ ಹೊರಗಿನವರಾಗಿಯೇ ಉಳಿದರು. ಈ ಕಡತಕ್ಕೆ ಗಟ್ಟಿಯಾದ ಪೆಟ್ಟಿಗೆ ಮಾಡಿಸಿ, ಬೀಗದ ಕೈ ಎಲ್ಲಿದೆ ಎಂದು ಮಗುವಿಗೂ ತೋರಿಸಿಡಿ.